ಬೆಳಕಿತ್ತು, ಗಾಳಿ ಇರಲಿಲ್ಲ: ಬಳ್ಳಾರಿಯ ಒಂದು ಸ್ಟುಡಿಯೋ ಕಂಪ್ಯೂಟರ್‌ನ ಪ್ರಕರಣ

ಏಪ್ರಿಲ್ ಎರಡನೇ ವಾರ, ಮಧ್ಯಾಹ್ನ ಮೂರು ಗಂಟೆ. ಬಳ್ಳಾರಿಯಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ.

"ಅಣ್ಣಾ, ಮತ್ತೆ ಆಫ್ ಆತು ನೋಡು. ನಾಳೆ ಪಾರ್ಟಿಗೆ ಪೆನ್‌ಡ್ರೈವ್ ಕೊಡಬೇಕು. ಮದುವೆ ವಿಡಿಯೋ ಅರ್ಧಕ್ಕೇ ನಿಂತೈತೆ."

ಅವನದು ಫೋಟೋ ಸ್ಟುಡಿಯೋ. ಮದುವೆ, ಗೃಹಪ್ರವೇಶ, ನಾಮಕರಣ ಎಲ್ಲವನ್ನೂ ಶೂಟ್ ಮಾಡಿ, ಎಡಿಟ್ ಮಾಡಿ ಕೊಡುತ್ತಾನೆ. ಬೇಸಿಗೆ ಬಂದರೆ ಮುಹೂರ್ತಗಳ ಸಾಲು. ಆ ಎರಡು ತಿಂಗಳ ದುಡಿಮೆಯಲ್ಲೇ ಅಂಗಡಿ ಬಾಡಿಗೆಯ ಮುಕ್ಕಾಲು ಪಾಲು ಬರಬೇಕು. ಕಂಪ್ಯೂಟರ್ ಕೈಕೊಟ್ಟರೆ ಮಾತು ತಪ್ಪಿದ ಹಾಗೆ. ಊರಲ್ಲಿ ಒಂದು ಸಲ ಮಾತು ತಪ್ಪಿದರೆ ಮುಂದಿನ ಮದುವೆ ಬೇರೆ ಸ್ಟುಡಿಯೋಗೆ ಹೋಗುತ್ತದೆ.

ಆ ಕಂಪ್ಯೂಟರ್ ಬರೀ ಎಡಿಟಿಂಗ್‌ಗೆ ಇಟ್ಟದ್ದೂ ಅಲ್ಲ. ಬಾಗಿಲಿಗೆ ಎದುರಾಗಿ ಕೌಂಟರ್ ಮೇಲೆ ಕೂರಿಸಿದ್ದಾನೆ. ಮುಂಭಾಗದಲ್ಲಿ ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಶೀಟ್, ಅದರಲ್ಲಿ ಕೊರೆದ ಸ್ಟುಡಿಯೋ ಹೆಸರು, ಆ ಹೆಸರು ನೀಲಿಯಾಗಿ ಹೊಳೆಯುತ್ತದೆ. ಪಕ್ಕದಲ್ಲಿ ಪಾರದರ್ಶಕ ಕಿಟಕಿ, ಒಳಗೆಲ್ಲ ಎಲ್‌ಇಡಿ. ಆಲ್ಬಂಗೆ ಫೋಟೋ ಆರಿಸಲು ಬಂದ ಮಕ್ಕಳು ಅದರ ಮುಂದೆಯೇ ನಿಲ್ಲುತ್ತಾರೆ. ಇದನ್ನೆಲ್ಲ ಅವನೇ ಕೈಯಾರೆ ಮಾಡಿದ್ದು. ಶೀಟ್ ಕತ್ತರಿಸಿ ಹೆಸರು ಕೊರೆಯುವ ಕೆಲಸಕ್ಕೆ ಮಾತ್ರ ಪರಿಚಯದ ಸೈನ್‌ಬೋರ್ಡ್ ಅಂಗಡಿಯವರ ಲೇಸರ್ ಮಷೀನ್ ಸಿಕ್ಕಿತ್ತು. ನನಗೆ ಅವನ ಕೆಲಸದ ಮೇಲೆ ನಿಜವಾಗಿಯೂ ಹೆಮ್ಮೆ. ಅದಕ್ಕೇ ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ.

ಒಳಗೆ ಏನಿತ್ತು

ಸಾಮಾನ್ಯ ಬೆಲೆಯ ತಗಡಿನ ಕ್ಯಾಬಿನೆಟ್. ರೈಜನ್ 5 3600 ಪ್ರೊಸೆಸರ್, ಅದರ ಜೊತೆಗೇ ಬರುವ ಪುಟ್ಟ ಕೂಲರ್. ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್. ಮುಂದೆ ಎರಡು, ಹಿಂದೆ ಒಂದು, ಒಟ್ಟು ಮೂರು 120 ಮಿ.ಮೀ ಫ್ಯಾನ್. 550 ವ್ಯಾಟ್‌ನ ಎಸ್‌ಎಂಪಿಎಸ್, ಅಂದರೆ ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಡಬ್ಬಿ. ಮದುವೆ ವಿಡಿಯೋ ಕೆಲಸಕ್ಕೆ ಇಷ್ಟು ಸಾಕು.

ಈ ಕ್ಯಾಬಿನೆಟ್ ತಂದಾಗ ಮುಂಭಾಗದಲ್ಲಿ ತೂತು ತೂತಿನ ಜಾಲರಿ ಇತ್ತು. ನೋಡೋಕೆ ಅಂದವಿರಲಿಲ್ಲ. ತಮ್ಮ ಅದನ್ನು ತೆಗೆದು, 45 ಸೆಂ.ಮೀ ಎತ್ತರ, 20 ಸೆಂ.ಮೀ ಅಗಲದ ಅಕ್ರಿಲಿಕ್ ಹಾಕಿದ. ಶೀಟಿಗೂ ಫ್ಯಾನ್ ಕೂತಿರುವ ತಗಡಿಗೂ ನಡುವೆ 5 ಮಿ.ಮೀ ಸಂದು ಬಿಟ್ಟ. ಮೇಲೆ ಕೆಳಗೆ ಎಲ್‌ಇಡಿ ಪಟ್ಟಿ ಅಡ್ಡ ಬಂತು. ಹೀಗಾಗಿ ಗಾಳಿಗೆ ಉಳಿದದ್ದು ಎಡ ಬಲದ ಎರಡು ಸೀಳು ಮಾತ್ರ.

ಪಕ್ಕದ ತಗಡನ್ನು ಗ್ರೈಂಡರ್‌ನಿಂದ ಕತ್ತರಿಸಿ ಕಿಟಕಿ ಮಾಡಿ, 3 ಮಿ.ಮೀ ಅಕ್ರಿಲಿಕ್ ಕೂರಿಸಿದ್ದ. ಒಳಗೆ ಮತ್ತು ಮುಂಭಾಗದಲ್ಲಿ ಸೇರಿ 3 ಮೀಟರ್ ಎಲ್‌ಇಡಿ ಸ್ಟ್ರಿಪ್ ಅಂಟಿಸಿದ್ದ. ಎಸ್‌ಎಂಪಿಎಸ್‌ನಿಂದ ಬರುವ ನಾಲ್ಕು ವೈರ್‌ಗಳ ಮೊಲೆಕ್ಸ್ ಕನೆಕ್ಟರ್‌ನ ಹಳದಿ (12 ವೋಲ್ಟ್) ಮತ್ತು ಕಪ್ಪು (ಗ್ರೌಂಡ್) ವೈರ್ ಬಿಚ್ಚಿ, ಸ್ಟ್ರಿಪ್ ವೈರ್ ಜೊತೆ ಹುರಿಮಾಡಿ, ಮೇಲೆ ಇನ್ಸುಲೇಷನ್ ಟೇಪ್ ಸುತ್ತಿದ್ದ.

ಇದೆಲ್ಲ ಮಾಡಿದ್ದು ಡಿಸೆಂಬರ್‌ನಲ್ಲಿ. ಮಾರ್ಚ್‌ವರೆಗೆ ಒಂದು ತೊಂದರೆಯೂ ಇರಲಿಲ್ಲ.

ದೂರು ಒಂದು, ರೋಗ ಎರಡು

ಬಳ್ಳಾರಿಯ ಬಿಸಿಲು ಗೊತ್ತಲ್ವಾ. ಏಪ್ರಿಲ್ ಹೊತ್ತಿಗೆ ಹೊರಗೆ 40 ಡಿಗ್ರಿ. ಸ್ಟುಡಿಯೋ ಒಳಗೆ ಫ್ಯಾನ್ ಹಾಕಿದರೂ 37. ವಿಡಿಯೋ ಎಕ್ಸ್‌ಪೋರ್ಟ್‌ಗೆ (ಎಡಿಟ್ ಮಾಡಿದ್ದನ್ನು ಪೂರ್ತಿ ಫೈಲ್ ಆಗಿ ತೆಗೆಯುವುದಕ್ಕೆ) ಇಟ್ಟ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಕಂಪ್ಯೂಟರ್ ಟಪ್ ಅಂತ ಆಫ್. ದಿನಕ್ಕೆ ಒಂದು ಸಲ, ಕೆಲವು ದಿನ ಮೂರು ಸಲ. ಆಫ್ ಆದಮೇಲೆ ಪವರ್ ಬಟನ್ ಒತ್ತಿದರೆ ಏಳುವುದಿಲ್ಲ. ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಹಾಕಿದರೆ ಏಳುತ್ತದೆ.

ನಾನು ಹೋಗುವುದಕ್ಕೆ ಮೊದಲೇ ಅವನು ಎರಡು ಖರ್ಚು ಮಾಡಿದ್ದ. ಒಂದು ರಿಪೇರಿ ಅಂಗಡಿಯಲ್ಲಿ "ಎಸ್‌ಎಂಪಿಎಸ್ ಹೋಗಿದೆ" ಎಂದರು, ಹೊಸದು ಹಾಕಿಸಿದ. ನಾಲ್ಕು ದಿನಕ್ಕೆ ಮತ್ತೆ ಅದೇ ಗೋಳು. ಆಮೇಲೆ ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಾಯಿಸಿದ. ಅದರಿಂದಲೂ ಏನೂ ಆಗಲಿಲ್ಲ. ಫೋನಿನಲ್ಲಿ ಕೇಳಿದವರೆಲ್ಲ "ಹೀಟ್ ಆಗ್ತಿದೆ, ಲಿಕ್ವಿಡ್ ಕೂಲಿಂಗ್ ಹಾಕು" ಅಂದಿದ್ದರಂತೆ.

ನನಗೆ ಆ ಪ್ಲಗ್ ಕೀಳುವ ವಿಷಯ ಕಿವಿಗೆ ಬಿದ್ದಾಗಲೇ ಅನುಮಾನ ಬಂತು. ಈ ಪ್ರೊಸೆಸರ್‌ನ ತಾಪದ ಮೇಲಿನ ಮಿತಿ 95 ಡಿಗ್ರಿ. ಅಲ್ಲಿಗೆ ಮುಟ್ಟಿದರೆ ಅದು ತಕ್ಷಣ ಸಾಯುವುದಿಲ್ಲ, ವೇಗ ಇಳಿಸಿಕೊಂಡು ಉಸಿರಾಡುತ್ತದೆ. ಅಂದರೆ ಬಿಸಿಯಾದರೆ ಕೆಲಸ ನಿಧಾನವಾಗಬೇಕು. ಟಪ್ ಅಂತ ಸತ್ತು, ಬಟನ್‌ಗೂ ಜಗ್ಗದೆ, ಪ್ಲಗ್ ಕಿತ್ತ ಮೇಲೆ ಏಳುವುದು ಎಸ್‌ಎಂಪಿಎಸ್‌ನ ನಡವಳಿಕೆ. ಎಲ್ಲೋ ಶಾರ್ಟ್ ಆದಾಗ ಅದು ತನ್ನನ್ನು ತಾನೇ ಮುಚ್ಚಿಕೊಂಡು ಬೀಗ ಹಾಕಿಕೊಳ್ಳುತ್ತದೆ. ಹೊಸ ಎಸ್‌ಎಂಪಿಎಸ್ ಕೂಡ ಹಾಗೇ ಮಾಡಿತು ಎಂದರೆ ಎರಡೂ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದವು.

ಕಂಪ್ಯೂಟರ್‌ನಲ್ಲಿ ನಡೆದದ್ದನ್ನೆಲ್ಲ ದಾಖಲಿಸುವ ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದೆ. ಪ್ರತಿ ಸಲವೂ ಕರ್ನಲ್-ಪವರ್ 41 ಎಂಬ ಸಾಲು. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಕರೆಂಟ್ ಹೋದಂತೆ ನಿಂತಿದೆ ಎಂದಷ್ಟೇ ಅದರ ಅರ್ಥ. ಕಾರಣ ಹೇಳುವುದಿಲ್ಲ. ಆದರೆ ತಮ್ಮ ಒಂದು ಜಾಣ ಕೆಲಸ ಮಾಡಿದ್ದ. ಎಚ್‌ಡಬ್ಲ್ಯೂಇನ್ಫೋ ಎಂಬ ತಂತ್ರಾಂಶದಲ್ಲಿ ತಾಪಮಾನವನ್ನು ಫೈಲ್‌ಗೆ ಬರೆಸುತ್ತಿದ್ದ. ಆಫ್ ಆಗುವ ಮುಂಚಿನ ಕೊನೆಯ ಸಾಲುಗಳನ್ನು ನೋಡಿದೆವು. ಪ್ರೊಸೆಸರ್ ಹತ್ತು ನಿಮಿಷದಿಂದ 95ರಲ್ಲೇ ನಿಂತಿದೆ, ವೇಗ 3.9 ಗಿಗಾಹರ್ಟ್ಸ್‌ನಿಂದ 3.4ಕ್ಕೆ ಇಳಿದಿದೆ. ಕೊನೆಯ ಸಾಲಿನಲ್ಲೂ ಅಷ್ಟೇ, ಅದಕ್ಕಿಂತ ಜಾಸ್ತಿ ಏರಿಲ್ಲ.

ಅಲ್ಲಿಗೆ ಒಂದು ಸ್ಪಷ್ಟವಾಯಿತು. ಬಿಸಿಯಿಂದ ನಿಧಾನವಾಗುವುದು ಒಂದು ರೋಗ. ಆಫ್ ಆಗುವುದು ಇನ್ನೊಂದು. ಎರಡೂ ಒಟ್ಟಿಗೆ ಬರುತ್ತಿದ್ದವು, ಹಾಗಾಗಿ ಎಲ್ಲರಿಗೂ ಒಂದೇ ಅನ್ನಿಸಿತ್ತು.

ಶನಿವಾರದ ಪರೀಕ್ಷೆ

ಇಂಥ ಕೆಲಸದಲ್ಲಿ ನಾನು ಒಂದು ಹಟ ಹಿಡಿಯುತ್ತೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕು ಕಡೆ ಕೈ ಹಾಕಿ ಸರಿಹೋದರೆ, ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ತಮ್ಮನಿಗೆ ಆತುರ. ಆದರೂ ಒಪ್ಪಿದ.

40 ನಿಮಿಷದ ಒಂದು ಹಳೇ ಮದುವೆ ವಿಡಿಯೋವನ್ನೇ ಪ್ರತಿ ಸಲ ಎಕ್ಸ್‌ಪೋರ್ಟ್‌ಗೆ ಇಟ್ಟೆವು. ಕೋಣೆಯ ತಾಪ 37 ಡಿಗ್ರಿ ಇರುವಾಗ ಮಾತ್ರ ಅಳತೆ. ಪ್ರತಿ ಸಲ ಕಂಪ್ಯೂಟರ್ ಪೂರ್ತಿ ತಣ್ಣಗಾಗಲು ಬಿಟ್ಟೆವು.

ಇದ್ದಂತೆಯೇ ಓಡಿಸಿದಾಗ ಏಳೇ ನಿಮಿಷಕ್ಕೆ ಪ್ರೊಸೆಸರ್ 95. ಗ್ರಾಫಿಕ್ಸ್ ಕಾರ್ಡ್ 82. ಎಲ್‌ಇಡಿಗಳನ್ನು ಮಾತ್ರ ಆರಿಸಿ ಓಡಿಸಿದೆವು. ಒಂಬತ್ತು ನಿಮಿಷಕ್ಕೆ 95. ಬೆಳಕಿನಿಂದ ಸ್ವಲ್ಪ ಬಿಸಿ ಸೇರುತ್ತಿದೆ, ಆದರೆ ಅದೇ ಮುಖ್ಯವಲ್ಲ. ಆಮೇಲೆ ಎಲ್‌ಇಡಿ ಹಾಕಿಯೇ ಮುಂಭಾಗದ ಅಕ್ರಿಲಿಕ್ ಬಿಚ್ಚಿಟ್ಟೆವು. ಪ್ರೊಸೆಸರ್ 87ಕ್ಕೆ ಬಂದು ನಿಂತಿತು. ಗ್ರಾಫಿಕ್ಸ್ ಕಾರ್ಡ್ 75. ಪಕ್ಕದ ಕಿಟಕಿಯನ್ನೂ ತೆಗೆದರೆ ಇನ್ನೆರಡು ಡಿಗ್ರಿ ಇಳಿಯಿತು, ಅಷ್ಟೇ.

ತಪ್ಪು ಮುಂಭಾಗದ ಶೀಟಿನದು. ತಮ್ಮನ ಮುಖ ಬಾಡಿತು. ಆ ಹೆಸರು ಕೊರೆದ ಶೀಟ್ ಅವನಿಗೆ ಎಲ್ಲಕ್ಕಿಂತ ಇಷ್ಟ.

"ತೆಗೀಬೇಕೇನಣ್ಣಾ?" ಎಂದ.

"ಬೇಡಪ್ಪ. ಮೊದಲು ಲೆಕ್ಕ ಹಾಕೋಣ" ಎಂದೆ.

ಲೆಕ್ಕ ಹೀಗೆ. ಎಕ್ಸ್‌ಪೋರ್ಟ್ ಹೊತ್ತಿನಲ್ಲಿ ಪ್ರೊಸೆಸರ್ ಸುಮಾರು 88 ವ್ಯಾಟ್ ಎಳೆಯಬಹುದು, ಗ್ರಾಫಿಕ್ಸ್ ಕಾರ್ಡ್ 125. ಬೋರ್ಡ್, ಡಿಸ್ಕ್ ಎಲ್ಲ ಸೇರಿ 250 ವ್ಯಾಟ್ ಅನ್ನಿ. ಕಂಪ್ಯೂಟರ್ ನುಂಗಿದ ಕರೆಂಟೆಲ್ಲ ಕೊನೆಗೆ ಬಿಸಿಯೇ ಆಗುತ್ತದೆ. ಈ 250 ವ್ಯಾಟ್ ಬಿಸಿಯನ್ನು ಹೊರಗೆ ಹಾಕಬೇಕು, ಒಳಗಿನ ಗಾಳಿ ಕೋಣೆಗಿಂತ 10 ಡಿಗ್ರಿ ಮಾತ್ರ ಜಾಸ್ತಿ ಇರಬೇಕು ಎಂದರೆ ಗಂಟೆಗೆ ಸುಮಾರು 75 ಘನ ಮೀಟರ್ ಗಾಳಿ ಹಾದುಹೋಗಬೇಕು. ಫ್ಯಾನ್ ಡಬ್ಬಿಯ ಮೇಲಿನ ಭಾಷೆಯಲ್ಲಿ 44 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ). ಎರಡು 120 ಮಿ.ಮೀ ಫ್ಯಾನ್‌ಗೆ ಇದು ದೊಡ್ಡ ಕೆಲಸವಲ್ಲ. ಆದರೆ ಡಬ್ಬಿಯ ಮೇಲಿನ ಅಂಕಿ ಫ್ಯಾನ್ ಮುಂದೆ ಏನೂ ಅಡ್ಡ ಇಲ್ಲದಾಗಿನದು.

ಒಂದು 120 ಮಿ.ಮೀ ಫ್ಯಾನ್‌ನ ನಡುವಿನ ಮೋಟಾರ್ ಗುಂಡಿ ಕಳೆದರೆ ಗಾಳಿ ಎಳೆಯುವ ಬಾಯಿ ಸುಮಾರು 93 ಚದರ ಸೆಂ.ಮೀ. ಎರಡಕ್ಕೆ 186. ಶೀಟಿನ ಪಕ್ಕದ ಸೀಳುಗಳು? 45 ಸೆಂ.ಮೀ ಉದ್ದದ ಎರಡು, ಅಗಲ ಅರ್ಧ ಸೆಂ.ಮೀ. ಒಟ್ಟು 45 ಚದರ ಸೆಂ.ಮೀ. ಬೇಕಾದದ್ದರ ಕಾಲು ಭಾಗಕ್ಕಿಂತಲೂ ಕಡಿಮೆ. ತಮ್ಮ ಸುಮ್ನೆ ಅಂಕಿ ನೋಡುತ್ತಾ ಕೂತ. ಅವನು ಸಂದು ಬಿಟ್ಟಿರಲಿಲ್ಲ ಎಂದಲ್ಲ. ಎಷ್ಟು ಬಿಡಬೇಕು ಎಂದು ಯಾರೂ ಹೇಳಿರಲಿಲ್ಲ.

ಇನ್ನೊಂದು ನೋಡಬೇಕಿತ್ತು. ದೇವರ ಗೂಡಿನಿಂದ ಒಂದು ಊದಿನಕಡ್ಡಿ ತಂದೆವು. ಒಳಗಿನ ಭಾಗಗಳಿಗೆ ಬೂದಿ ಬೀಳದಂತೆ ಕಾಗದ ಹಿಡಿದು, ಪಕ್ಕದ ಕಿಟಕಿಯನ್ನು ಒಂದು ಬೆರಳಿನಷ್ಟು ಸರಿಸಿ, ಕಡ್ಡಿಯನ್ನು ಮುಂದಿನ ಫ್ಯಾನ್‌ನ ಹಿಂಬದಿಯ ಅಂಚಿಗೆ ಹಿಡಿದೆ. ಹೊಗೆ ಕ್ಯಾಬಿನೆಟ್‌ನ ಒಳಕ್ಕೆ, ಹಿಂದಕ್ಕೆ ಹೋಗಬೇಕಿತ್ತು. ಅದು ಮೊದಲು ಸ್ವಲ್ಪ ಹಿಂದೆ ಹೋಯಿತು. ಆಮೇಲೆ ಬಾಗಿ, ಫ್ಯಾನ್ ಪಕ್ಕದ ಖಾಲಿ ಸಿಡಿ ಡ್ರೈವ್ ಗೂಡಿನ ಕಡೆ ತಿರುಗಿ, ಅಕ್ರಿಲಿಕ್‌ನ ಹಿಂದೆ ಸೇರಿ, ಅದೇ ಫ್ಯಾನ್‌ಗೆ ಮತ್ತೆ ಬಂತು. ಹೊರಗಿನಿಂದ ಗಾಳಿ ಸಿಗದೆ ಫ್ಯಾನ್ ಒಳಗಿನ ಬಿಸಿ ಗಾಳಿಯನ್ನೇ ಸುತ್ತಿಸುತ್ತಿತ್ತು. ತಮ್ಮ ಮೊಬೈಲ್‌ನಲ್ಲಿ ಅದನ್ನು ವಿಡಿಯೋ ಮಾಡಿಕೊಂಡ. ಮದುವೆ ಶೂಟ್ ಮಾಡುವ ಕೈ, ಹೊಗೆಯ ಆ ಸುರುಳಿಯನ್ನು ಎಷ್ಟು ಚೆಂದ ಹಿಡಿದಿದ್ದ!

ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ

ಇನ್ನು ಆಫ್ ಆಗುವ ರೋಗ. ಪ್ಲಗ್ ಕಿತ್ತು, ಎಲ್‌ಇಡಿಯ ವೈರ್ ಹಿಡಿದುಕೊಂಡು ಹೋದೆ. ವೈರ್ ಒಳಗಿನಿಂದ ಮುಂಭಾಗಕ್ಕೆ ಹೋಗಲು ತಮ್ಮ ತಗಡಿನಲ್ಲಿ ಒಂದು ತೂತು ಮಾಡಿದ್ದ. ಗ್ರೈಂಡರ್ ಹಚ್ಚಿದ್ದರಿಂದ ಅಲ್ಲಿ ಬಣ್ಣ ಹೋಗಿ ಬರಿ ಲೋಹ ಕಾಣುತ್ತಿತ್ತು. ಅಂಚು ಬ್ಲೇಡಿನ ಹಾಗೆ. ಸರಿಯಾಗಿ ಅಲ್ಲೇ ವೈರ್‌ನ ಜೋಡಣೆ ಬಂದು ಕೂತಿತ್ತು.

ಟೇಪ್ ಮುಟ್ಟಿದರೆ ಬೆರಳಿಗೆ ಅಂಟು ಬಂತು. ಬಿಸಿಗೆ ಗೋಂದು ಕರಗಿ, ಟೇಪ್ ತನ್ನ ಜಾಗದಿಂದ ಜಾರಿ, ಅರ್ಧ ಸೆಂ.ಮೀನಷ್ಟು ತಾಮ್ರ ಹೊರಗೆ ಕಾಣುತ್ತಿತ್ತು. ಟಾರ್ಚ್ ಹಿಡಿದು ನೋಡಿದರೆ ತಗಡಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ, ಒಂದರ ಪಕ್ಕ ಒಂದು ಮೂರು. 12 ವೋಲ್ಟ್‌ನ ವೈರ್ ತಗಡಿಗೆ ತಾಗಿದಾಗಲೆಲ್ಲ ಕಿಡಿ ಹಾರಿದ ಗುರುತು.

ಈಗ ಕಥೆ ಕೂಡಿಕೊಂಡಿತು. ಎಕ್ಸ್‌ಪೋರ್ಟ್ ಶುರು, ಒಳಗೆ ಬಿಸಿ ಏರಿಕೆ, ಟೇಪ್ ಮೆತ್ತಗೆ, ಫ್ಯಾನ್‌ಗಳ ನಡುಕಕ್ಕೆ ವೈರ್ ಸ್ವಲ್ಪ ಸರಿದು ತಗಡಿಗೆ ತಾಗುವುದು, ಎಸ್‌ಎಂಪಿಎಸ್ ಬೀಗ. ತಮ್ಮ ಸಿಟ್ಟಿನಲ್ಲಿ ಪ್ಲಗ್ ಕಿತ್ತು ಕ್ಯಾಬಿನೆಟ್ ಅಲ್ಲಾಡಿಸಿದಾಗ ವೈರ್ ಮತ್ತೆ ಬಿಡಿಸಿಕೊಳ್ಳುವುದು. ಡಿಸೆಂಬರ್‌ನ ಚಳಿಯಲ್ಲಿ ಟೇಪ್ ಗಟ್ಟಿಯಾಗಿತ್ತು, ಅದಕ್ಕೇ ಮಾರ್ಚ್‌ವರೆಗೆ ಏನೂ ಆಗಲಿಲ್ಲ. ಎಸ್‌ಎಂಪಿಎಸ್ ಬೀಗ ಹಾಕದೆ ಹೋಗಿದ್ದರೆ ಆ ವೈರ್ ಕಾಯ್ದು ಏನಾಗುತ್ತಿತ್ತೋ. ಅಂಗಡಿ ತುಂಬ ಬಟ್ಟೆಯ ಪರದೆಗಳು. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ದುರಸ್ತಿ: ಶೀಟ್ ಉಳಿಸಿಕೊಂಡೇ

ಶೀಟ್ ಉಳಿಸಿಕೊಳ್ಳಲೇಬೇಕು ಎಂದು ಇಬ್ಬರೂ ನಿರ್ಧರಿಸಿದೆವು. ಉಪಾಯ ಸೈನ್‌ಬೋರ್ಡ್ ಅಂಗಡಿಯಲ್ಲೇ ಸಿಕ್ಕಿತು. ಆಫೀಸುಗಳ ಗೋಡೆಗೆ ಅಕ್ರಿಲಿಕ್ ಬೋರ್ಡ್ ಹೊಡೆಯುವಾಗ ಗೋಡೆಯಿಂದ ಸ್ವಲ್ಪ ಮುಂದೆ ನಿಲ್ಲಿಸಲು ಸ್ಟೀಲ್ ಸ್ಟಡ್ ಬಳಸುತ್ತಾರಲ್ಲ, ಅದೇ. 25 ಮಿ.ಮೀ ಉದ್ದದ ನಾಲ್ಕು ಸ್ಟಡ್ ತಂದು ನಾಲ್ಕು ಮೂಲೆಗೆ ಹಾಕಿದೆವು. ಪಕ್ಕದ ಎರಡು ಸೀಳುಗಳೇ ಈಗ 225 ಚದರ ಸೆಂ.ಮೀ. ಫ್ಯಾನ್‌ಗಳ ಬಾಯಿಗಿಂತ ಜಾಸ್ತಿ. ಹೊಳೆಯುವ ಸ್ಟಡ್ ತಲೆಗಳಿಂದ ಶೀಟಿಗೆ ಇನ್ನೂ ಕಳೆ ಬಂತು. ತಮ್ಮನ ಮುಖದಲ್ಲೂ.

ಖಾಲಿ ಡ್ರೈವ್ ಗೂಡಿಗೂ ಫ್ಯಾನ್‌ಗಳ ಸುತ್ತಲಿನ ಸಂದಿಗೂ ಫೋಮ್ ಶೀಟ್ ಕತ್ತರಿಸಿ ತುಂಬಿದೆವು. ಮತ್ತೆ ಊದಿನಕಡ್ಡಿ ಹಿಡಿದರೆ ಹೊಗೆ ನೇರವಾಗಿ ಗ್ರಾಫಿಕ್ಸ್ ಕಾರ್ಡ್ ಮೇಲೆ ಹಾದು ಹಿಂದಿನ ಫ್ಯಾನ್‌ನಿಂದ ಹೊರಗೆ ಹೋಯಿತು.

ಬಳ್ಳಾರಿಯ ಕಡೆ ಧೂಳಿನ ಲೆಕ್ಕ ಬೇರೆಯೇ. ಅದಿರಿನ ಸೀಮೆಯ ಕೆಂಪು ಧೂಳು ಎಲ್ಲಿ ಬೇಕಾದರೂ ನುಗ್ಗುತ್ತದೆ. ಸಂದು ದೊಡ್ಡದಾದರೆ ಧೂಳಿಗೂ ಬಾಗಿಲು ತೆರೆದಂತೆ. ಸೊಳ್ಳೆ ಪರದೆಯ ನೈಲಾನ್ ಬಟ್ಟೆಯನ್ನು ಫ್ಯಾನ್‌ಗಳ ಮುಂದೆ ವೆಲ್ಕ್ರೋ ಪಟ್ಟಿಯಿಂದ ಕೂರಿಸಿದೆವು. ಗಾಳಿ ಎಳೆಯುವ ಫ್ಯಾನ್ ಎರಡು, ಹೊರಹಾಕುವುದು ಒಂದು. ಹಾಗಾಗಿ ಒಳಗಿನ ಒತ್ತಡ ಕೊಂಚ ಜಾಸ್ತಿಯೇ ಇರುತ್ತದೆ, ಪರದೆ ಇಲ್ಲದ ಸಣ್ಣ ಸಂದುಗಳಿಂದ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಧೂಳು ಒಳಗೆ ಬರುವುದಿಲ್ಲ.

ಎಲ್‌ಇಡಿಯಲ್ಲಿ ನನಗೆ ತುಂಬ ಖುಷಿ ಕೊಟ್ಟ ಭಾಗ ಇದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಮ್ಮ ಹಾಕಿದ್ದು 5050 ಎಂಬ ದಪ್ಪ ಎಲ್‌ಇಡಿಗಳ, ಮೀಟರಿಗೆ 60 ಇರುವ ಸ್ಟ್ರಿಪ್. ಮೀಟರಿಗೆ 14.4 ವ್ಯಾಟ್. ಮೂರು ಮೀಟರಿಗೆ 43 ವ್ಯಾಟ್. ಹೆಸರು ಹೊಳೆಯಲಿ ಎಂದು ಶೀಟಿನ ಹಿಂದೆಲ್ಲ ಅಂಟಿಸಿದ್ದ. ಆದರೆ ಕೊರೆದ ಅಕ್ಷರ ಹೊಳೆಯುವ ರೀತಿಯೇ ಬೇರೆ. ಅಕ್ರಿಲಿಕ್ ಶೀಟಿನ ಅಂಚಿನಿಂದ ಬೆಳಕು ಬಿಟ್ಟರೆ, ಅದು ಎರಡು ನುಣುಪು ಮೈಗಳ ನಡುವೆ ಪುಟಿದು ಪುಟಿದು ಮುಂದೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಕೊರೆದ ಗೆರೆ ಸಿಕ್ಕಲ್ಲಿ ಮಾತ್ರ ಮೈ ಒರಟು, ಅಲ್ಲಿ ಬೆಳಕು ಚೆದುರಿ ಹೊರಗೆ ಬೀಳುತ್ತದೆ. ಅಕ್ಷರ ತಾನಾಗಿ ಉರಿದಂತೆ ಕಾಣುತ್ತದೆ. ಹಿಂದಿನಿಂದ ಎಷ್ಟು ಬೆಳಕು ಸುರಿದರೂ ಈ ಹೊಳಪು ಬರುವುದಿಲ್ಲ.

ಹಾಗಾಗಿ ಹಳೇ ಸ್ಟ್ರಿಪ್ ಎಲ್ಲ ಕಿತ್ತು, 3528 ಎಂಬ ಸಣ್ಣ ಎಲ್‌ಇಡಿಗಳ ಸ್ಟ್ರಿಪ್ ತಂದೆವು. ಇದು ಮೀಟರಿಗೆ 4.8 ವ್ಯಾಟ್. ಈ ಸ್ಟ್ರಿಪ್‌ಗಳನ್ನು ಮೂರು ಎಲ್‌ಇಡಿಗೆ ಒಂದರಂತೆ, ಅಂದರೆ 5 ಸೆಂ.ಮೀಗೆ ಒಂದು ಕಡೆ ಗುರುತಿರುವಲ್ಲೇ ಕತ್ತರಿಸಬೇಕು. 45 ಸೆಂ.ಮೀನ ಎರಡು ತುಂಡು. ಸಣ್ಣ ಅಲ್ಯೂಮಿನಿಯಂ ಚಾನೆಲ್‌ನಲ್ಲಿ ಕೂರಿಸಿ, ಶೀಟಿನ ಎಡ ಬಲದ ಅಂಚಿಗೆ ಎಲ್‌ಇಡಿ ಮುಖ ಮಾಡಿ ಒತ್ತಿದೆವು. ಲೇಸರ್‌ನಲ್ಲಿ ಕತ್ತರಿಸಿದ ಅಂಚು ಗಾಜಿನಂತೆ ನುಣುಪಾಗಿಯೇ ಇರುತ್ತದೆ, ಉಜ್ಜುವ ಕೆಲಸವಿಲ್ಲ. ಚಾನೆಲ್ ಸಣ್ಣದಾದ್ದರಿಂದ ಗಾಳಿಯ ದಾರಿಗೂ ಅಡ್ಡ ಬರಲಿಲ್ಲ. ಈಗ ಒಟ್ಟು ಖರ್ಚು 4.3 ವ್ಯಾಟ್. ಸ್ವಿಚ್ ಒತ್ತಿದಾಗ ಹೆಸರು ಮೊದಲಿಗಿಂತ ಗರಿಗರಿಯಾಗಿ, ಗೆರೆ ಗೆರೆ ಬಿಡಿಸಿ ಕಂಡಿತು. ಹತ್ತನೇ ಒಂದು ಭಾಗದ ಕರೆಂಟಿನಲ್ಲಿ!

ನೀಲಿ ಬಣ್ಣವೇ ಬೇಕೆಂದ. ಇರಲಿ. ನೀಲಿ ಎಲ್‌ಇಡಿ ಎಷ್ಟು ಕಷ್ಟಪಟ್ಟು ಬಂದ ಬೆಳಕು ಎಂದು ಅವನಿಗೆ ಕೂತು ಹೇಳಿದೆ. ಕೆಂಪು, ಹಸಿರು ದಶಕಗಳ ಹಿಂದೆಯೇ ಇದ್ದವು. ಒಳ್ಳೇ ಹೊಳಪಿನ ನೀಲಿ ಮಾತ್ರ 1990ರ ದಶಕದವರೆಗೆ ಕೈಗೆ ಸಿಕ್ಕಿರಲಿಲ್ಲ. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಎಲ್‌ಇಡಿ ಪಟ್ಟಿಗಳು ಬರುವ ಮುಂಚೆ ಕ್ಯಾಬಿನೆಟ್ ಒಳಗೆ ಬೆಳಕು ಬೇಕೆಂದವರು ಕೋಲ್ಡ್ ಕ್ಯಾಥೋಡ್ ಎಂಬ ತೆಳ್ಳನೆಯ ಗಾಜಿನ ಟ್ಯೂಬ್ ಹಾಕುತ್ತಿದ್ದರು. ಅದಕ್ಕೆ ನೂರಾರು ವೋಲ್ಟ್ ಕೊಡುವ ಇನ್ವರ್ಟರ್ ಬೇರೆ. ಈಗ ನಮ್ಮ ಕೈಯಲ್ಲಿ 12 ವೋಲ್ಟ್‌ನ ಪಟ್ಟಿ ಇದೆ, ಕತ್ತರಿಯಿಂದ ಕತ್ತರಿಸಬಹುದು.

ವೈರಿಂಗ್ ಪೂರ್ತಿ ಹೊಸದು. ಪ್ರತಿ ಜೋಡಣೆಗೂ ಸೋಲ್ಡರ್, ಮೇಲೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್. ಟೇಪ್ ಎಲ್ಲೂ ಇಲ್ಲ. ತಗಡಿನ ತೂತಿನ ಅಂಚನ್ನು ಅರದಿಂದ ಉಜ್ಜಿ, ವೈರ್‌ಗೆ ಅಂಚು ತಾಗದಂತೆ ರಬ್ಬರ್ ಬಳೆ (ಗ್ರೊಮೆಟ್) ಕೂರಿಸಿದೆವು. ಕಿಟಕಿಯ ಅಂಚಿಗೆ ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಬೀಡಿಂಗ್. ಎಲ್‌ಇಡಿಯ ಹಳದಿ ವೈರ್‌ಗೆ 1 ಆಂಪಿಯರ್ ಫ್ಯೂಸ್ ಹಾಕಿದೆವು, ಅದೂ ಆಟೋಮೊಬೈಲ್ ಅಂಗಡಿಯದ್ದೇ. ಸ್ಟ್ರಿಪ್ ಎಳೆಯುವುದು 0.36 ಆಂಪಿಯರ್. ಮುಂದೆ ಎಂದಾದರೂ ಶಾರ್ಟ್ ಆದರೆ ಆ ಚಿಕ್ಕ ಫ್ಯೂಸ್ ಹೋಗುತ್ತದೆ, ವೈರ್ ಸುಡುವುದಿಲ್ಲ. ಕೈಯಾರೆ ಎಲ್‌ಇಡಿ ಹಾಕುವ ಪ್ರತಿಯೊಬ್ಬರಿಗೂ ನಾನು ಕೇಳಿಕೊಳ್ಳುವುದು ಇದೊಂದನ್ನು. ದಯವಿಟ್ಟು ಫ್ಯೂಸ್ ಹಾಕಿ.

ಇಲ್ಲಿ ಇನ್ನೊಂದು ಅನಾಹುತ ತಪ್ಪಿತು. ತಮ್ಮ ಬಣ್ಣ ಬದಲಾಯಿಸುವ ಹೊಸ ಸ್ಟ್ರಿಪ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿಟ್ಟಿದ್ದ, ಮದರ್‌ಬೋರ್ಡ್‌ಗೆ ಚುಚ್ಚಬೇಕೆಂದು. ಸ್ಟ್ರಿಪ್ ಮೂರು ಪಿನ್ನಿನದು, 5 ವೋಲ್ಟ್. ಅವನ ಬೋರ್ಡಿನಲ್ಲಿ ಇದ್ದದ್ದು ನಾಲ್ಕು ಪಿನ್ನಿನ 12 ವೋಲ್ಟ್ ಹೆಡರ್ (ಸ್ಟ್ರಿಪ್ ಚುಚ್ಚುವ ಜಾಗ). ಒತ್ತಿ ತುರುಕಿದ್ದರೆ ಸ್ಟ್ರಿಪ್ ಸುಟ್ಟು ಹೋಗುತ್ತಿತ್ತು. ಪಿನ್ ಎಣಿಸಿ, ವೋಲ್ಟ್ ಓದಿ, ಆಮೇಲೆ ಚುಚ್ಚಬೇಕು.

ಪಕ್ಕದ ಕಿಟಕಿಯ ಒಂದು ಸ್ಕ್ರೂ ತೂತಿನಿಂದ ಎರಡು ಸೆಂ.ಮೀ ಉದ್ದದ ಬಿರುಕು ಹೊರಟಿತ್ತು. "ಸ್ಕ್ರೂ ಟೈಟ್ ಮಾಡಿದ್ನಲ್ಲಾ" ಎಂದ. ಟೈಟ್ ಮಾಡಿದ್ದೇ ಕಾರಣ. ಬಿಸಿಗೆ ಅಕ್ರಿಲಿಕ್ ಕಬ್ಬಿಣಕ್ಕಿಂತ ಆರು ಪಟ್ಟು ಹತ್ತಿರ ಹಿಗ್ಗುತ್ತದೆ. 40 ಸೆಂ.ಮೀ ಶೀಟ್ 25 ಡಿಗ್ರಿ ಬಿಸಿಯಾದರೆ ಸುಮಾರು 0.7 ಮಿ.ಮೀ ಉದ್ದವಾಗುತ್ತದೆ, ಅದೇ ಅಳತೆಯ ತಗಡು 0.1 ಮಿ.ಮೀ ಮಾತ್ರ. ಜರುಗಲು ಜಾಗವಿಲ್ಲದೆ ಶೀಟ್ ಸೀಳುತ್ತದೆ. ಹೊಸ ಶೀಟಿಗೆ 3 ಮಿ.ಮೀ ಸ್ಕ್ರೂಗೆ 4 ಮಿ.ಮೀ ತೂತು ಮಾಡಿ, ರಬ್ಬರ್ ವಾಷರ್ ಇಟ್ಟು, ಕೈಬಿಗಿಗೆ ನಿಲ್ಲಿಸಿದೆವು. ತೂತು ಕೊರೆಯುವಾಗ ಕೆಳಗೆ ಮರದ ತುಂಡು, ಡ್ರಿಲ್ ನಿಧಾನ. ಜೋರಾಗಿ ಓಡಿಸಿದರೆ ಶೀಟ್ ಕರಗಿ ಬಿಟ್‌ಗೆ ಸುತ್ತಿಕೊಳ್ಳುತ್ತದೆ.

ಕೊರೆದ ಅಕ್ಷರಗಳ ಸುತ್ತ ಜೇಡರ ಬಲೆಯಂಥ ಸಣ್ಣ ಗೆರೆಗಳಿದ್ದವು. ಕೇಳಿದರೆ ಸ್ಪಿರಿಟ್ ಹಾಕಿ ಒರೆಸುತ್ತಿದ್ದೆ ಎಂದ. ಲೇಸರ್ ತಾಗಿದ ಅಂಚಿನಲ್ಲಿ ಅಕ್ರಿಲಿಕ್ ಒಳಗೊಳಗೇ ಬಿಗಿದುಕೊಂಡಿರುತ್ತದೆ, ಸ್ಪಿರಿಟ್ ಬಿದ್ದರೆ ಅಲ್ಲಿಂದಲೇ ಒಡೆಯುತ್ತದೆ. ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿದ ನೀರು, ಮೆತ್ತನೆಯ ಬಟ್ಟೆ, ಅಷ್ಟು ಸಾಕು.

ಫಲಿತಾಂಶ, ಮತ್ತೆ ಲಿಕ್ವಿಡ್ ಕೂಲಿಂಗ್ ಮಾತು

ಭಾನುವಾರ ಮಧ್ಯಾಹ್ನ ಅದೇ ವಿಡಿಯೋ, ಅದೇ 37 ಡಿಗ್ರಿ. ಮುಂಭಾಗದ ಶೀಟ್ ತನ್ನ ಜಾಗದಲ್ಲಿ ಹೊಳೆಯುತ್ತಿದೆ. ಪ್ರೊಸೆಸರ್ 86ಕ್ಕೆ ನಿಂತಿತು. ಗ್ರಾಫಿಕ್ಸ್ ಕಾರ್ಡ್ 75. ಶೀಟ್ ಇಲ್ಲದೆ ಬಂದಿದ್ದ ಅಂಕಿಗಿಂತಲೂ ಒಂದು ಡಿಗ್ರಿ ಒಳ್ಳೆಯದು, ಫೋಮ್ ತುಂಬಿದ್ದರ, ಎಲ್‌ಇಡಿಯ ಬಿಸಿ ತಗ್ಗಿದ್ದರ ಫಲ ಇರಬೇಕು. ಮೊದಲು 63 ನಿಮಿಷ ಹಿಡಿಯುತ್ತಿದ್ದ ಎಕ್ಸ್‌ಪೋರ್ಟ್ 54ಕ್ಕೆ ಮುಗಿಯಿತು.

"ಇನ್ನೂ 86 ಐತಲ್ಲಣ್ಣಾ. ಲಿಕ್ವಿಡ್ ಕೂಲರ್ ಹಾಕೋಣೇನು?" ಎಂದ ತಮ್ಮ. ಆಸೆ ಸಹಜ. ನಾನು ಬೇಡ ಎಂದೆ, ಕಾರಣವನ್ನೂ ಹೇಳಿದೆ. ಲಿಕ್ವಿಡ್ ಕೂಲರ್ ಬಿಸಿಯನ್ನು ಮಾಯ ಮಾಡುವುದಿಲ್ಲ, ಪ್ರೊಸೆಸರ್‌ನಿಂದ ಎತ್ತಿ ರೇಡಿಯೇಟರ್‌ಗೆ ಸಾಗಿಸುತ್ತದೆ. ಅಲ್ಲಿಂದ ಹೊರಗೆ ಹಾಕಲು ಮತ್ತೆ ಗಾಳಿಯೇ ಬೇಕು. ಈ ಕ್ಯಾಬಿನೆಟ್‌ನಲ್ಲಿ ರೇಡಿಯೇಟರ್‌ಗೆ ಜಾಗ ಇರುವುದು ಮುಂಭಾಗದಲ್ಲಿ. ಹಳೇ 5 ಮಿ.ಮೀ ಸಂದಿನ ಹಿಂದೆ ಅದನ್ನು ಹಾಕಿದ್ದರೆ ದುಡ್ಡು ಕೊಟ್ಟು ಅದೇ ಬಿಸಿಯನ್ನು ಕೊಂಡುಕೊಂಡಂತೆ ಆಗುತ್ತಿತ್ತು. ಸಂದು ದೊಡ್ಡದಾದ ಮೇಲೂ 88 ವ್ಯಾಟ್‌ನ ಪ್ರೊಸೆಸರ್‌ಗೆ ಅಷ್ಟು ಬೇಕಿಲ್ಲ.

ಮುಂದಿನ ವಾರ ನಾನು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಸಾಧಾರಣ ಟವರ್ ಕೂಲರ್ (ಪ್ರೊಸೆಸರ್ ಮೇಲೆ ಎತ್ತರಕ್ಕೆ ನಿಲ್ಲುವ, ಫ್ಯಾನ್ ಇರುವ ಕೂಲರ್) ಕೊಂಡೆ. ಕೊಳ್ಳುವ ಮೊದಲು ಎತ್ತರ ಕೇಳಿ ತಿಳಿದುಕೊಂಡೆ, ಕಿಟಕಿಯ ಅಕ್ರಿಲಿಕ್‌ಗೆ ತಾಗಬಾರದಲ್ಲ. ಎರಡು ಸಾವಿರ ರೂಪಾಯಿ ಒಳಗೆ ಬಂತು. ಬಸ್ಸಿನಲ್ಲಿ ಕಳಿಸಿದೆ, ತಮ್ಮನೇ ಹಾಕಿಕೊಂಡ. ಪ್ರೊಸೆಸರ್ 75 ಡಿಗ್ರಿ, ಎಕ್ಸ್‌ಪೋರ್ಟ್ 51 ನಿಮಿಷ. ಸ್ಟಡ್, ಸ್ಟ್ರಿಪ್, ಫ್ಯೂಸ್, ಫೋಮ್, ಕಿಟಕಿಯ ಶೀಟ್ ಎಲ್ಲಕ್ಕೂ ಸೇರಿ ಇನ್ನೊಂದು ಸಾವಿರದ ಏಳುನೂರು ಆಗಿತ್ತು. ಸುಮ್ನೆ ಬದಲಾಯಿಸಿದ ಎಸ್‌ಎಂಪಿಎಸ್‌ಗೆ ಕೊಟ್ಟ ದುಡ್ಡು ಇದೆರಡನ್ನೂ ಕೂಡಿಸಿದ್ದಕ್ಕೆ ಸಮ. ಹಳೇ ಎಸ್‌ಎಂಪಿಎಸ್ ಚೆನ್ನಾಗಿಯೇ ಇದೆ, ಅದನ್ನು ಆಲ್ಬಂ ಡಿಸೈನ್ ಮಾಡುವ ಹುಡುಗನ ಕಂಪ್ಯೂಟರ್‌ಗೆ ಹಾಕಿದ್ದಾನೆ.

ಎಲ್ಲವೂ ಸರಿಹೋಯಿತು ಎನ್ನಲಾರೆ. ಸೊಳ್ಳೆ ಪರದೆ ಎರಡು ವಾರಕ್ಕೆ ಕಟ್ಟಿಕೊಳ್ಳುತ್ತದೆ, ಆಗ ತಾಪ ಮೂರು ನಾಲ್ಕು ಡಿಗ್ರಿ ಏರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಅಕ್ರಿಲಿಕ್‌ಗೆ ಸ್ಥಿರ ವಿದ್ಯುತ್ ಬಂದು ಇನ್ನಷ್ಟು ಧೂಳು ಎಳೆಯುತ್ತದೆ. ಅಕ್ಷರಗಳ ಸುತ್ತ ಬಿದ್ದ ಬಿರುಕಿನ ಬಲೆ ಹಾಗೇ ಉಳಿದಿದೆ. ಅದನ್ನು ಅಳಿಸಲು ಆಗುವುದಿಲ್ಲ, ಹೊಸ ಶೀಟ್ ಕೊರೆಸುವವರೆಗೆ ಇರಲಿ ಎಂದಿದ್ದಾನೆ.

ಜುಲೈನಲ್ಲಿ ಮನೆಯ ಕಾರ್ಯಕ್ಕೆ ಹೋದಾಗ ಸ್ಟುಡಿಯೋಗೆ ಹೋಗಿದ್ದೆ. ಏಪ್ರಿಲ್‌ನ ಆ ವಾರದಿಂದ ಒಂದು ಸಲವೂ ಆಫ್ ಆಗಿಲ್ಲ ಎಂದ. ಕೌಂಟರ್ ಕೆಳಗೆ ಒಂದು ನೋಟ್‌ಬುಕ್ ಇಟ್ಟಿದ್ದ. ತಾರೀಖು, ಕೋಣೆಯ ತಾಪ, ಪ್ರೊಸೆಸರ್ ತಾಪ, ಪರದೆ ತೊಳೆದ ದಿನ, ಎಲ್ಲ ಕೈಬರಹದಲ್ಲಿ. ನಾನು ನೋಡುತ್ತಿದ್ದಂತೆ ಪರದೆ ಬಿಚ್ಚಿಕೊಂಡು ಹಿತ್ತಲ ನಲ್ಲಿಗೆ ಹೋದ. ನೀರು ಮೊದಲು ಇಟ್ಟಿಗೆ ಕೆಂಪಾಗಿ ಇಳಿಯಿತು, ಆಮೇಲೆ ತಿಳಿಯಾಯಿತು. ಪರದೆಯನ್ನು ಕೊಡವಿ ತಂತಿಗೆ ಹಾಕಿ, ಒಳಗೆ ಬಂದು ಅವತ್ತಿನ ತಾರೀಖು ಬರೆದ.